ನಾನು ನುಂಗಿದ ಅಂಕಿತ

ತರೀಕೆರೆಯಲ್ಲಿದ್ದ ನನ್ನ ಸಂಗೀತದ ಮೇಷ್ಟ್ರು ಹೊಸ ಕೀರ್ತನೆಗಳನ್ನು ಕಟ್ಟುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಅದು ಹೆಚ್ಚುಕಡಿಮೆ ಅಪರಾಧವೇ. ಕೀರ್ತನೆ ಕಟ್ಟಿದವರು ಸತ್ತು ಇನ್ನೂರು ವರ್ಷವಾದರೂ ಆಗಿರಬೇಕು ಎಂಬುದು ನಮ್ಮ ಕಡೆಯ ರಸಿಕರ ನಂಬಿಕೆ. ಬದುಕಿರುವವರು ಕಟ್ಟಿದ್ದು ಎಂದ ಕೂಡಲೇ ಎಲೆಯಡಿಕೆ ಚೀಲ ಬಿಚ್ಚಿಕೊಂಡು ಮಾತಿಗೆ ಕೂರುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲವಲ್ಲ.

ನಾನು ಅಜ್ಜಂಪುರದಲ್ಲಿ ಶಾಲಾ ಶಿಕ್ಷಕಿ. ಭಾನುವಾರ ಬಸ್ಸು ಹಿಡಿದು ಪಾಠಕ್ಕೆ ಹೋಗುತ್ತಿದ್ದೆ. ರೇಡಿಯೋದಲ್ಲಿ ಹಾಡಲು ಮೊದಲ ಸಲ ಕರೆ ಬಂದಾಗ ಮೇಷ್ಟ್ರ ಕಾಂಬೋಧಿ ರಾಗದ ಕೀರ್ತನೆಯನ್ನು ಆರಿಸಿಕೊಂಡೆ. ಅವರು ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು: "ನನ್ ಹಾಡು ರೇಡಿಯೋದಲ್ಲಿ ಬತ್ತದೆ ಕಣ್ರೀ, ನಮ್ಮನೇಗೇ ಬಂದು ಕೇಳಿ."

ಹಾಡುಗಳ ಪಟ್ಟಿಯಲ್ಲಿ ಕಟ್ಟಿದವರ ಹೆಸರನ್ನೂ ಬರೆಯಬೇಕಿತ್ತು. ಯಾರೂ ಕೇಳಿರದ ಹೆಸರು ಕಂಡರೆ ನನ್ನನ್ನೇ ಕೈಬಿಟ್ಟಾರು ಎಂದು ಹೆದರಿದೆ. "ಹಳೆಯ ಪದ, ಕರ್ತೃ ತಿಳಿದಿಲ್ಲ" ಎಂದು ಬರೆದೆ. ಕೊನೆಯ ಚರಣದಲ್ಲಿ ಮೇಷ್ಟ್ರ ಅಂಕಿತವಿತ್ತು. ಕಟ್ಟಿದವರು ಹಾಡಿನೊಳಗೇ ಹಾಕುವ ರುಜು ಅದು. ಹೊತ್ತಿಲ್ಲದಿದ್ದರೆ ಬೇರೆ ಏನನ್ನಾದರೂ ಬಿಡು, ಅಂಕಿತದ ಚರಣ ಬಿಡಬೇಡ ಎಂದು ಅವರೇ ಕಲಿಸಿದ್ದರು. ನಾನು ಅದನ್ನೇ ಬಿಟ್ಟು ಹಾಡಿದೆ. ನನಗೆ ಹೆಸರು ಬೇಕಿತ್ತು, ಉಳಿದದ್ದೆಲ್ಲ ನೆಪ.

ಆ ಸಂಜೆ ಮೇಷ್ಟ್ರ ಜಗಲಿ ತುಂಬಿತ್ತಂತೆ. ಮುಂದೆ ನಡೆದದ್ದನ್ನು ಅವರ ಹೆಂಡತಿ ನನಗೆ ಹೇಳಿದರು. ರೇಡಿಯೋದವರು ನಾನು ಬರೆದುಕೊಟ್ಟದ್ದನ್ನೇ ಓದಿ ಹೇಳಿದರಂತೆ. ಹಾಡು ಮುಗಿದ ಮೇಲೆ ನೆರೆಯವರೊಬ್ಬರು, "ಹಳೇದು ಹಳೇದೇ ಬಿಡಿ ಮೇಷ್ಟ್ರೇ. ಅಲ್ಲ, ಇಂಥಾ ಹಾಡ್ನ ನಿಮ್ದು ಅಂದ್ಬಿಟ್ರಲ್ಲ!" ಎಂದು ನಕ್ಕರಂತೆ. ಮೇಷ್ಟ್ರು ಎದ್ದು ರೇಡಿಯೋ ಆರಿಸಿದರಂತೆ.

ಮುಂದಿನ ಭಾನುವಾರ ಎಂದಿನಂತೆ ಪಾಠ ಹೇಳಿದರು. ಬೈಯಲಿಲ್ಲ, ಏನೂ ಕೇಳಲಿಲ್ಲ. ಕೇಳಿದ್ದರೆ ಕಾಲಿಗೆ ಬೀಳುತ್ತಿದ್ದೆನೇನೋ. ಆ ಜಗಲಿಯಲ್ಲಿ ನಿಂತು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ. ಅವರು ಮತ್ತೆ ಒಂದು ಕೀರ್ತನೆಯನ್ನೂ ಕಟ್ಟಲಿಲ್ಲ. ಕಳ್ಳ ಎನ್ನಿಸಿಕೊಂಡೇ ಎರಡು ವರ್ಷಕ್ಕೆ ತೀರಿಕೊಂಡರು.

ಹಾಡು ಮಾತ್ರ ಸಾಯಲಿಲ್ಲ. ರೇಡಿಯೋದವರು ಮತ್ತೆ ಮತ್ತೆ ಹಾಕಿದರು, ಭಜನೆಯವರು ಕಲಿತರು. ಕಡೂರಿನ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ, ಸಖರಾಯಪಟ್ಟಣದ ಮದುವೆ ಮನೆಯಲ್ಲಿ, ಎಲ್ಲಿ ಹೋದರೂ ನನ್ನ ಬೆನ್ನಿಗೇ ಬರುತ್ತಿತ್ತು. ಅಂಕಿತ ಬರಬೇಕಾದ ಕಡೆ ಹಾಡು ನಿಂತುಬಿಡುತ್ತಿತ್ತು. ಆಗ ಮೇಷ್ಟ್ರು ಪಕ್ಕದಲ್ಲೇ ಕೂತು, ಮುಂದಿನದು ಹಾಡು ಎಂದು ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ಕಾಫಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ಎಂಬತ್ತರ ದಶಕದಲ್ಲಿ, ಕಡೂರಿನ ಒಂದು ಸಂಗೀತ ಕಛೇರಿಯಲ್ಲಿ, ಕೊನೆಗೂ ಬಾಯಿ ಬಿಟ್ಟೆ. ಇದನ್ನು ಕಟ್ಟಿದವರು ನನ್ನ ಮೇಷ್ಟ್ರು ಎಂದು ಹೇಳಿ, ಅಂಕಿತದ ಚರಣವನ್ನೂ ಸೇರಿಸಿ ಪೂರ್ತಿ ಹಾಡಿದೆ. ಎದೆ ಹಗುರಾಯಿತು. ಮುಗಿದ ಮೇಲೆ ಹಿರಿಯರೊಬ್ಬರು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಭಾಳ ಚೆನ್ನಾಗಿ ಹಾಡಿದ್ರಿ ಕಣಮ್ಮ. ಆದ್ರೆ ಆ ಕೊನೇ ಚರಣ ಯಾರೋ ಆಮೇಲೆ ಅಂಟಿಸಿದ್ದು. ನಾನು ಮೊದಲ್ನೇ ಸಲ ರೇಡಿಯೋದಲ್ಲಿ ಕೇಳ್ದಾಗ ಅದು ಇರ್ಲಿಲ್ಲ."

"ಅವತ್ತು ಹಾಡಿದ್ದು ನಾನೇ" ಎಂದೆ.

"ಹಂಗಾದ್ರೆ ನಿಮಗೇ ಗೊತ್ತಲ್ಲ" ಎಂದರು.