ಬಲಗಡೆ ಜೇಬಿನ ಕೋಟು

ಪಂಚಾಕ್ಷರಪ್ಪನವರು ಮೂವತ್ತೊಂದು ವರ್ಷ ಕರಿ ಕೋಟು ಹೊಲಿದರು, ಒಂದು ದಿನವೂ ಹಾಕಿಕೊಳ್ಳಲಿಲ್ಲ. ಬಿಳಿ ಅಂಗಿ, ಬಿಳಿ ಪಂಚೆ, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಅಳತೆ ಟೇಪು. ಚಿತ್ರದುರ್ಗದ ವಕೀಲರಲ್ಲಿ ಅರ್ಧಕ್ಕರ್ಧ ಜನ ಆ ಟೇಪಿಗೆ ಎದೆಯೊಡ್ಡಿ ನಿಂತವರೇ. ಹೊಸದಾಗಿ ಸನ್ನದು ಪಡೆದ ಹಿರಿಯೂರು, ಹೊಸದುರ್ಗದ ಹುಡುಗರು ಬಸ್ಸಿಳಿದು ಸೀನಿಯರ್ ಮನೆಗಿಂತ ಮೊದಲು ಅವರ ಅಂಗಡಿ ಹುಡುಕಿಕೊಂಡು ಬರುತ್ತಿದ್ದರು.

ಅಂಗಡಿಯೆಂದರೆ ಹತ್ತಡಿ ಅಗಲದ ಒಂದು ಕೋಣೆ. ನಡುವೆ ಕತ್ತರಿಸುವ ಮೇಜು, ಬಾಗಿಲ ಬೆಳಕಿಗೆ ಹೊಲಿಗೆ ಯಂತ್ರ. ಮೇಜಿನ ಆ ಕಡೆ ಪಂಚಾಕ್ಷರಪ್ಪ, ಈ ಕಡೆ ಬೋರಯ್ಯ. ಬೋರಯ್ಯ ತುರುವನೂರಿನವನು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಆರು ತಿಂಗಳ ಮಟ್ಟಿಗೆಂದು ಬಂದವನು, ಐವತ್ತೈದಾದರೂ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಲೇ ಇದ್ದ. ಅಳತೆ ಮತ್ತು ಕತ್ತರಿ ಪಂಚಾಕ್ಷರಪ್ಪನವರದು, ಹೊಲಿಗೆ ಬೋರಯ್ಯನದು.

ಕೋಟು ಕತ್ತರಿಸಿದ ಮೇಲೆ ಪಂಚಾಕ್ಷರಪ್ಪ ಒಂದೊಂದೇ ತುಂಡನ್ನು ಮೇಜಿನಾಚೆಯಿಂದ ಬೋರಯ್ಯನ ಕೈಗೆ ಕೊಡುತ್ತಿದ್ದರು. ಮೊದಲು ಎಡ ಎದೆ, ಆಮೇಲೆ ಬಲ ಎದೆ, ಬೆನ್ನು, ಕೊನೆಗೆ ತೋಳು. ಕರಿ ಬಟ್ಟೆಗೆ ಒಳಮೈ ಯಾವುದು ಹೊರಮೈ ಯಾವುದು ಎಂದು ಬೇಗ ಗುರುತು ಹತ್ತುವುದಿಲ್ಲ. ಅದಕ್ಕೆಂದೇ ಒಳಮೈಗೆ ಸೀಮೆಸುಣ್ಣದ ಒಂದು ಗೀಟು ಹಾಕುತ್ತಿದ್ದರು. ಆದರೆ ಬೋರಯ್ಯ ಗೀಟು ನೋಡಿದವನಲ್ಲ. ಮೊದಲು ಕೈಗೆ ಬಂದದ್ದು ಎಡ, ಮೇಲುಮುಖವಾಗಿ ಬಂದದ್ದು ಹೊರಮೈ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ, ಹಾಗೇ ಆಗಿಹೋಗಿತ್ತು.

ಪಂಚಾಕ್ಷರಪ್ಪನವರದು ಒಂದೇ ಹಟ. ಮದುವೆಗೆ ಕರಿ ಸೂಟು ಹೊಲಿಯುವುದಿಲ್ಲ. ಈಗ ಆರತಕ್ಷತೆಗೆ ಗಂಡೆಂದರೆ ಕರಿ ಸೂಟೇ; ಕೇಳಿಕೊಂಡು ಬಂದವರಿಗೆ ನೀಲಿ ತೋರಿಸುವರು, ಕಂದು ತೋರಿಸುವರು, ಒಪ್ಪದಿದ್ದರೆ ಎದುರಿನ ಅಂಗಡಿಯ ದಾರಿ ತೋರಿಸುವರು. ಶಕುನದ ಮಾತಲ್ಲ. ಅಮಾವಾಸ್ಯೆಯ ದಿನವೂ ಹೊಸ ಬಟ್ಟೆಗೆ ಕತ್ತರಿ ಹಾಕುತ್ತಿದ್ದ ಮನುಷ್ಯ. ಹಾಗಾದರೆ ಯಾಕೆ ಎಂದು ಹಿರಿಯ ವಕೀಲ ಕಾಟಲಿಂಗಪ್ಪನವರು ಒಮ್ಮೆ ಪಟ್ಟು ಹಿಡಿದು ಕೇಳಿದರು.

"ಕರಿ ಕೋಟು ಇನ್ನೊಬ್ಬರ ಮಾತು ಆಡೋನಿಗೆ ಸಾರ್," ಎಂದರು ಪಂಚಾಕ್ಷರಪ್ಪ. "ನೀವು ಕಕ್ಷಿದಾರನ ಮಾತು ಆಡ್ತೀರಿ. ರೈಲಿನ ಟಿಸಿ ಸರ್ಕಾರದ ಮಾತು ಆಡ್ತಾನೆ. ಮದುವೆ ಗಂಡು ಅವನ ಮಾತು ಅವನೇ ಆಡ್ಬೇಕಲ್ರಿ."

"ಮದುವೆ ಆದ್ಮೇಲೆ ಅವನು ಯಾರ ಮಾತು ಆಡ್ತಾನೆ ಅಂತ ನಿನಗೆ ಗೊತ್ತಿಲ್ವೇನಪ್ಪ? ಅವತ್ತೇ ಅಳತೆ ತಗಂಡ್ಬಿಡು."

ಪಂಚಾಕ್ಷರಪ್ಪ ನಕ್ಕರು, ಹಟ ಬಿಡಲಿಲ್ಲ.

ಬಿಟ್ಟದ್ದು ಈ ವರ್ಷ, ಮಗಳ ಮದುವೆಗೆ. ಚೈತ್ರಾ ಹೊಳಲ್ಕೆರೆಯ ಶಾಲೆಯೊಂದರಲ್ಲಿ ಟೀಚರ್. ಅವಳಿಗೆ ಗೊತ್ತಾದ ಗಂಡು ಕೊಟ್ರೇಶ್ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಕಡೆಯವನು, ಪಶು ಆಸ್ಪತ್ರೆಯಲ್ಲಿ ಕೆಲಸ. ಒಂದು ಭಾನುವಾರ ಇಬ್ಬರೂ ಕರಿ ಬಟ್ಟೆಯ ಪೊಟ್ಟಣ ಹಿಡಿದು ಅಂಗಡಿಗೆ ಬಂದರು. ಕರಿಯೇ ಯಾಕೆಂದು ಪಂಚಾಕ್ಷರಪ್ಪ ಕೇಳಿದರು. ಉತ್ತರ ಕೊಟ್ಟವನು ಕೊಟ್ರೇಶ್.

"ದಿನಾ ಸಗಣಿ ಗಂಜಲದಾಗೆ ಇರೋನು ನಾನು, ಮಾವ. ಏನು ಹಾಕಿದ್ರೂ ಕಲೆ. ಒಂದಿನ ಕಲೆ ಕಾಣದ ಬಟ್ಟೆ ಹಾಕ್ಕಳಾಣ ಅಂತ."

"ಕರಿ ಬಟ್ಟೆ ಮ್ಯಾಲೆ ಕಾಣದ್ದು ಅಂತ ಒಂದೂ ಇಲ್ಲಪ್ಪ," ಎಂದರು ಪಂಚಾಕ್ಷರಪ್ಪ. "ಒಂದು ಕೂದ್ಲು ಬಿದ್ರೂ ಕಾಣ್ತೈತೆ." ಹಾಗೆನ್ನುತ್ತಲೇ ಕೊರಳಿನಿಂದ ಟೇಪು ತೆಗೆದರು. ಅವನು ತನ್ನ ಮಾತನ್ನು ತಾನೇ ಆಡಿದ್ದನಲ್ಲ, ಅದಕ್ಕಿರಬೇಕು. ಬೋರಯ್ಯ ಪುಸ್ತಕದಲ್ಲಿ ಅಳತೆ ಬರೆದುಕೊಂಡ. ಬಲ ಭುಜ ಅರ್ಧ ಇಂಚು ತಗ್ಗು ಎಂದು ಬರೆಸಿದರು. ವರ್ಷಗಟ್ಟಲೆ ಹಸು ಎಮ್ಮೆಗಳ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ಎಳೆದವನ ಭುಜ ಹಾಗೇ ಇರುತ್ತದೆ ಎಂದರು.

ಮರುದಿನ, ಸೋಮವಾರ ಸಂಜೆ, ಕತ್ತರಿಸಿ ಮುಗಿಸಿದರು. ಬಲ ಭುಜದ ಅರ್ಧ ಇಂಚನ್ನು ಕೊನೆಯಲ್ಲಿ ಬೇರೆಯಾಗಿ ಇಳಿಸಿದರು. ಬೋರಯ್ಯ ತುಂಡುಗಳಿಗೆ ಕೈ ಚಾಚಿದ. "ನಾಳೆ ಕೊಡ್ತೀನಿ ಹೋಗಲೇ, ಬಸ್ ಹೋಗ್ತೈತೆ," ಎಂದರು.

ಮಂಗಳವಾರ ಬೆಳಗ್ಗೆ ಸ್ನಾನ ಮಾಡಿ ಪೂಜೆಗೆ ಕುಳಿತವರು ಹಾಗೇ ಗೋಡೆಗೆ ಒರಗಿದರು. ಹೆಂಡತಿ ಪಾರ್ವತಮ್ಮ ಕಾಫಿ ತಂದು ಎರಡು ಸಲ ಕರೆದರು.

ಬೋರಯ್ಯನಿಗೆ ಫೋನು ಬಂದಾಗ ಅವನು ತುರುವನೂರಿನ ಬಸ್ಸಿನಲ್ಲಿ ಕುಳಿತಾಗಿತ್ತು. ದಿನದ ಬಸ್ಸು, ದಿನದ ಸೀಟು. ದುರ್ಗದಲ್ಲಿ ಇಳಿದು ನಡೆದ. ಅಂಗಡಿಯ ಬೀಗಕ್ಕೆ ಕೈ ಹಾಕಿದ ಮೇಲೆ, ತಾನು ಹೋಗಬೇಕಾದದ್ದು ಮನೆಗೆ ಎಂಬುದು ನೆನಪಾಯಿತು.

ಹೊಳಲ್ಕೆರೆ ಕಡೆಯ ನೆಂಟರೆಲ್ಲ ಬಂದು ಸೇರುವಷ್ಟರಲ್ಲಿ ಮೈ ಸೆಟೆದಿತ್ತು. ಸ್ನಾನ ಮಾಡಿಸಿ ಕೂರಿಸಿದ್ದರು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣು ಮಾಡುವುದು. ಅಂಗಿಯ ತೋಳಿಗೆ ಕೈ ಹೋಗಲಿಲ್ಲ. ಇಬ್ಬರು ಹಿಡಿದು ನೋಡಿದರು. ಪಂಚಾಕ್ಷರಪ್ಪನವರ ಅಣ್ಣ ಮುರುಗಪ್ಪನವರು ಬಿಡ್ರಿ, ಶಾಲು ಹೊದಿಸಿದರಾಯಿತು ಎಂದರು. ಬೋರಯ್ಯ ಕತ್ತರಿ ಕೇಳಿ ಇಸಿದುಕೊಂಡ. ಅಂಗಿಯ ಬೆನ್ನನ್ನು ಕಾಲರಿನಿಂದ ಕೆಳಗಿನ ಅಂಚಿನವರೆಗೆ ಸೀಳಿದ. ಮುಂದಿನಿಂದ ಒಂದೊಂದೇ ತೋಳು ಏರಿಸಿ, ಹಿಂದೆ ನಾಲ್ಕು ದೊಡ್ಡ ಹೊಲಿಗೆ ಹಾಕಿದ. ಪಂಚಾಕ್ಷರಪ್ಪ ಕತ್ತರಿಸಿ ಅವನೇ ಹೊಲಿದ ಅಂಗಿ ಅದು. ಕತ್ತರಿ ನೇರವಾಗಿ ಹೋಗಿದೆಯೇ ಎಂದು ನೋಡಿದ. ಹೋಗಿತ್ತು. ಕಣ್ಣಲ್ಲಿ ನೀರು ಬರಲಿಲ್ಲ. ಬೋರಯ್ಯ ಗಟ್ಟಿ ಮನುಷ್ಯ ಎಂದು ಯಾರೋ ಅಂದದ್ದು ಕೇಳಿಸಿತು.

ಮದುವೆಗೆ ನಾಲ್ಕು ವಾರವಿತ್ತು. ಮಠದ ಹಿರಿಯರು ಬಂದು, ನಮ್ಮಲ್ಲಿ ಸೂತಕವಿಲ್ಲ, ಇಟ್ಟ ದಿನ ತಪ್ಪಿಸುವುದು ಬೇಡ ಎಂದರು. ಅವರು ಎದ್ದು ಹೋದ ಮೇಲೆ ಪಾರ್ವತಮ್ಮ ಬೋರಯ್ಯನನ್ನು ಒಳಗೆ ಕರೆದರು. "ಅವ್ರು ಕತ್ರಿಸಿಟ್ಟಿದ್ದು ಹಂಗೇ ಐತಂತಲ್ಲ ಬೋರಣ್ಣ. ಅದೊಂದು ಆಗ್ಬೇಕು. ಅವ್ರ ಕೈದು ಇನ್ನೇನೂ ಇಲ್ಲ," ಎಂದರು.

ಹನ್ನೆರಡು ದಿನದ ಮೇಲೆ ಬೋರಯ್ಯ ಅಂಗಡಿ ತೆಗೆದ. ಯಂತ್ರಕ್ಕೆ ಎಣ್ಣೆ ಬಿಟ್ಟು, ಕರಿ ದಾರ ಏರಿಸಿ, ತನ್ನ ಜಾಗದಲ್ಲಿ ಕುಳಿತ. ಕುಳಿತೇ ಇದ್ದ. ಎಷ್ಟೋ ಹೊತ್ತಿನ ಮೇಲೆ, ತಾನು ಮೇಜಿನಾಚೆಯಿಂದ ತುಂಡು ಬರಲೆಂದು ಕಾಯುತ್ತಿದ್ದೇನೆ ಎಂಬುದು ಗೊತ್ತಾಯಿತು. ಎದ್ದು ಮೇಜಿನ ಆ ಕಡೆಗೆ ಹೋದ. ಎದೆಯ ಎರಡು ತುಂಡುಗಳು ಒಂದರ ಮೇಲೊಂದು ಇದ್ದವು. ಮುಚ್ಚಿದ ಅಂಗಡಿಯ ಧೂಳು ಕೂತಿತ್ತು. ಎರಡಕ್ಕೂ ಚೆನ್ನಾಗಿ ಬ್ರಷ್ ಹಾಕಿದ. ಮೇಲಿನದನ್ನು ಕೈಗೆತ್ತಿಕೊಂಡು ಎದೆ ಜೇಬಿಗೆ ಬಾಯಿ ಕತ್ತರಿಸಿದ.

ಕರಿ ಬಟ್ಟೆಯ ಮೇಲೆ ಕರಿ ದಾರ, ವಯಸ್ಸಾದ ಕಣ್ಣಿಗೆ ಮಧ್ಯಾಹ್ನ ನಾಲ್ಕರವರೆಗೆ ಮಾತ್ರ ಕಾಣುತ್ತದೆ. ಜೇಬಿಗೇ ಒಂದು ದಿನ ಹಿಡಿಯಿತು. ಇಷ್ಟು ಚೊಕ್ಕ ಜೇಬನ್ನು ಅವನು ಈಚೆಗೆ ಹೊಲಿದಿರಲಿಲ್ಲ. ಮೂರನೆಯ ದಿನ ಎದೆ, ಬೆನ್ನು ಕೂಡಿಸಿ ಹ್ಯಾಂಗರಿಗೆ ಹಾಕಿ ಹಿಂದೆ ಸರಿದು ನಿಂತ. ಜೇಬು ಬಲಗಡೆ ಇತ್ತು.

ಕೈಗೆ ಎತ್ತಿಕೊಂಡದ್ದು ಬಲ ಎದೆ. ಭುಜ ಇಳಿಸಲೆಂದು ಕೊನೆಗೆ ಮುಟ್ಟಿದ್ದರಿಂದ ಅದೇ ಮೇಲಿತ್ತು, ಮೊದಲು ಕೈಗೆ ಬಂದದ್ದು ಎಡ ಎಂದುಕೊಂಡಿದ್ದ. ಗೀಟು ಇತ್ತು, ಧೂಳಿನ ಜೊತೆ ಅದನ್ನೂ ಬ್ರಷ್ ಹಾಕಿ ಒರೆಸಿದ್ದ.

ಬಲಗಡೆ ಜೇಬು ಎಂದರೆ ಏನೆಂದು ಹಳಬರಿಗೆ ಗೊತ್ತು. ಒಂದು ಕಾಲದಲ್ಲಿ ವಕೀಲರು ಕೋಟು ಬಣ್ಣಗೆಟ್ಟರೆ ಬಿಸಾಕುತ್ತಿರಲಿಲ್ಲ, ತಿರುವಿಸುತ್ತಿದ್ದರು. ಹೊಲಿಗೆಯೆಲ್ಲ ಬಿಚ್ಚಿ, ಒಳಮೈಯನ್ನು ಹೊರಗೆ ಮಾಡಿ ಮತ್ತೆ ಹೊಲಿದರೆ ಬಟ್ಟೆ ಹೊಸದಾಗುತ್ತದೆ, ಆದರೆ ಎಡಗಡೆಯ ಜೇಬು ಬಲಕ್ಕೆ ಬಂದು ಕೂರುತ್ತದೆ. ಜೇಬು ನೋಡಿಯೇ, ಇದು ತಿರುವಿದ ಕೋಟು, ಹಳೆಯದು ಎಂದು ಕೋರ್ಟಿನಲ್ಲಿ ಕಣ್ಣು ಮಿಟುಕಿಸುತ್ತಿದ್ದರು. ಮೂವತ್ತೊಂದು ವರ್ಷ ಅವರಿಗೆಲ್ಲ ಹೊಲಿದವರ ಅಳಿಯ, ಅವರೆಲ್ಲರ ಎದುರು, ಆ ಜೇಬು ಹೊತ್ತು ನಿಲ್ಲಬೇಕು.

ಬೋರಯ್ಯ ಯೋಚಿಸಿದ. ತುಂಡುಗಳನ್ನು ಬಿಚ್ಚಿ, ತಿರುವಿ, ಅದಲುಬದಲು ಮಾಡಿದರೆ ಜೇಬು ಎಡಕ್ಕೆ ಬರುತ್ತದೆ, ಆದರೆ ತಗ್ಗಿನ ಭುಜವೂ ಎಡಕ್ಕೆ ಬರುತ್ತದೆ. ಹೊಸ ಬಟ್ಟೆ ತರಬಹುದು. ಕತ್ತರಿಸುವವರು ಯಾರು? ಅವನು ಒಂದು ಕೋಟನ್ನೂ ಕತ್ತರಿಸಿದವನಲ್ಲ. ಎದುರಿನ ಅಂಗಡಿಯವನು ಕತ್ತರಿಸಿಕೊಟ್ಟಾನು. ಆಗ ಅದು ಪಂಚಾಕ್ಷರಪ್ಪನವರದಲ್ಲ.

ಕೋಟನ್ನು ಪೇಪರಿನಲ್ಲಿ ಸುತ್ತಿಕೊಂಡು ಮನೆಗೆ ಹೋದ. ತಪ್ಪು ನನ್ನದು, ಹೀಗೆ ಹೀಗಾಯಿತು ಎಂದು ಹೇಳಿದ. ಜೇಬು ಯಾವ ಕಡೆ ಇದ್ದರೇನು ಎಂದು ಪಾರ್ವತಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ತಿರುವಿದ ಕೋಟಿನ ವಿಷಯ ವಿವರಿಸಿದ.

"ನಗ್ತಾರಾ?" ಎಂದು ಕೇಳಿದರು.

"ತಿಳಿದೋರು ನಗ್ತಾರೆ ಅಕ್ಕಾರೆ."

"ತಿಳಿದೋರು ಎಷ್ಟು ಜನ?"

"ಹಳೇ ವಕೀಲ್ರು ಒಂದೈದಾರು ಜನ ಅವ್ರೆ. ಎಲ್ಲಾರಿಗೂ ಪತ್ರಿಕೆ ಕೊಟ್ಟಾಗೈತೆ."

ಚೈತ್ರಾ ಕೊಟ್ರೇಶನಿಗೆ ಫೋನು ಮಾಡಿ ಬೋರಯ್ಯನ ಕೈಗೆ ಕೊಟ್ಟಳು. ಬೋರಯ್ಯ ಮತ್ತೊಮ್ಮೆ ಎಲ್ಲ ಹೇಳಿದ. ಆ ಕಡೆ ಕರು ಕೂಗುವುದು ಕೇಳುತ್ತಿತ್ತು. ಭುಜ ಸರಿಯಾಗಿದೆಯಾ ಎಂದು ಕೊಟ್ರೇಶ್ ಕೇಳಿದ. ಭುಜ ಯಜಮಾನರು ಕತ್ತರಿಸಿದಂತೆಯೇ ಇದೆ ಎಂದ ಬೋರಯ್ಯ. "ಹಂಗಾರೆ ಅದೇ ಹಾಕ್ಕಂತೀನಿ ಬೋರಣ್ಣ," ಎಂದ ಕೊಟ್ರೇಶ್. "ಜೇಬಿನಾಗೆ ಇಡಾಕೆ ನನ್ ಹತ್ರ ಏನೂ ಇಲ್ಲ."

ಬೋರಯ್ಯನಿಗೆ ಇದರಿಂದ ಸಮಾಧಾನವಾಗಲಿಲ್ಲ, ದುಃಖವೂ ಆಗಲಿಲ್ಲ. ಹೋಗಿ ತೋಳು ಕೂಡಿಸಿದ, ಕಾಜ ಹಾಕಿದ, ಗುಂಡಿ ಹೊಲಿದ. ಪ್ಯಾಂಟೂ ಮುಗಿಯಿತು.

ಆರತಕ್ಷತೆ ಹೊಳಲ್ಕೆರೆ ರಸ್ತೆಯ ಕಲ್ಯಾಣ ಮಂಟಪದಲ್ಲಿ. ಬೋರಯ್ಯ ಗೋಡೆಯ ಪಕ್ಕ ಒಂದು ಕುರ್ಚಿ ಹಿಡಿದು ಕುಳಿತ. ವೇದಿಕೆಯ ದೀಪದಲ್ಲಿ ಕೊಟ್ರೇಶ್ ನೆಟ್ಟಗೆ ನಿಂತಿದ್ದ. ಕೋಟು ಎರಡು ಭುಜದ ಮೇಲೂ ಸಮನಾಗಿ ಕೂತಿತ್ತು, ತಗ್ಗು ಇದೆಯೆಂದೇ ಯಾರೂ ಹೇಳುವಂತಿರಲಿಲ್ಲ. ಗೆಳೆಯರು ಮೊಬೈಲಿನಲ್ಲಿ ತೆಗೆದ ಚಿತ್ರ ನೋಡಿಕೊಂಡು, ಜೇಬು ಈ ಕಡೆ ಐತಲ್ಲ, ಫೋಟೋ ತಿರುಗಾಮುರುಗಾ ಬಂದೈತೆ ಎಂದು ಮತ್ತೊಂದು ತೆಗೆಯುತ್ತಿದ್ದರು. ವಕೀಲರ ಗುಂಪು ವೇದಿಕೆ ಹತ್ತಿ ಇಳಿಯಿತು. ಅವರಲ್ಲಿ ಇಬ್ಬರು ಇಳಿಯುವಾಗ ಒಬ್ಬರನ್ನೊಬ್ಬರು ನೋಡಿಕೊಂಡರು. ಬೋರಯ್ಯ ಅದನ್ನು ಕಂಡ.

ಕಾಟಲಿಂಗಪ್ಪನವರು ಕೋಲೂರಿಕೊಂಡು ಬಂದು ಅವನ ಪಕ್ಕ ಕುಳಿತರು.

"ಕೋಟು ತಿರುವಿದ್ದೇನೋ ಬೋರಯ್ಯ?"

ಬೋರಯ್ಯ ಅವರ ಕೋಲು ಇಸಿದುಕೊಂಡು ಗೋಡೆಗೆ ಒರಗಿಸಿದ.

"ಯಾರದಪ್ಪ ಅದು?"

"ಯಜಮಾನ್ರದು ಸಾರ್."

"ಪಂಚಾಕ್ಷರಪ್ಪ ಕೋಟು ಹಾಕಿದ್ದು ನಾನು ಒಂದಿನಾನೂ ನೋಡ್ಲಿಲ್ಲವಲ್ಲೋ."

"ಹಾಕಿರ್ಲಿಲ್ಲ ಸಾರ್."

ಮುದುಕರು ವೇದಿಕೆಯ ಕಡೆ ನೋಡಿದರು. ಆಮೇಲೆ ತಮಗೆ ತಾವೇ ತಲೆದೂಗಿದರು. "ಹೊಲ್ಕಂಡು ಇಟ್ಟಿದ್ದ ಅನ್ನು. ನಮಗೆಲ್ಲ ಬುದ್ಧಿ ಹೇಳಿ, ಮನೇಲಿ ಬಾಗ್ಲು ಹಾಕ್ಕಂಡು ಕನ್ನಡಿ ಮುಂದೆ ನಿಂತಿರ್ತಾನೆ, ಕಳ್ಳ." ನಗಲು ಹೋಗಿ ಶಾಲಿನಿಂದ ಮುಖ ಒರೆಸಿಕೊಂಡರು. "ಈಗ ಅಳಿಯಂಗೆ ಬಂತು ಅದು."

ಇಲ್ಲ ಸಾರ್, ಅದು ನನ್ನ ತಪ್ಪು ಎನ್ನಬೇಕಿತ್ತು. ಬೋರಯ್ಯನ ಕಣ್ಣ ಮುಂದೆ ಪಂಚಾಕ್ಷರಪ್ಪ ಬಿಳಿ ಪಂಚೆಯ ಮೇಲೆ ಕರಿ ಕೋಟು ತೊಟ್ಟು ಕನ್ನಡಿಯೆದುರು ನಿಂತಿದ್ದರು, ಟೇಪು ಕೊರಳಲ್ಲೇ ಇತ್ತು. "ಹೂಂ ಸಾರ್," ಎಂದ.

ಊಟದ ಪಂಕ್ತಿ ಕೂರುವಷ್ಟರಲ್ಲಿ ಮಾತು ನಾಲ್ಕು ಸಾಲು ದಾಟಿತ್ತು. ಮಾವನ ಕೋಟಂತೆ, ತಿರುವಿ ಹಾಕಿಸಿದ್ದಾರಂತೆ. ಆ ಇಬ್ಬರು ವಕೀಲರು ಮತ್ತೆ ವೇದಿಕೆಗೆ ಹೋಗಿ ಕೊಟ್ರೇಶನ ಕೈ ಹಿಡಿದು ಏನೋ ಹೇಳಿದರು. ಅವನು ಏನೂ ಅರ್ಥವಾಗದೆ ಹೂಂಗುಟ್ಟಿದ.

ಪಾರ್ವತಮ್ಮ ಹೆಂಗಸರ ಸಾಲಿನಿಂದ ಎದ್ದು ಗೋಡೆಯ ಬಳಿಗೆ ಬಂದು ನಿಂತರು.

"ನೀವು ಹಂಗಂದ್ರಾ, ಬೋರಣ್ಣ?"

"ಅಂದೆ ಅಕ್ಕಾರೆ."

ಅವರು ವೇದಿಕೆಯನ್ನೇ ನೋಡುತ್ತಿದ್ದರು. ಬಯ್ಯಬಹುದು ಎಂದುಕೊಂಡು ಬೋರಯ್ಯ ಎದ್ದು ನಿಂತ.

"ಅವ್ರಿಗೆ ಒಪ್ತಿತ್ತಾ ಅದು?" ಎಂದು ಕೇಳಿದರು.

ಬೋರಯ್ಯ ಕೋಟನ್ನು ನೋಡಿದ. ಭುಜ ನೋಡಿದ, ಉದ್ದ ನೋಡಿದ, ಬೆನ್ನು ಸೀಳಿದ ಆ ಅಂಗಿಯೊಳಗಿದ್ದ ಮೈಯನ್ನು ನೆನೆದ.

"ಎದೆ ಹತ್ರ ಒಂದಿಂಚು ಹಿಡೀಬೇಕಾಗ್ತಿತ್ತು," ಎಂದ.