ಕಾರಣಗಳ ಖಾನೆ

ರಾಯದುರ್ಗಕ್ಕೆ ಬಂದ ಮೂರನೆಯ ಬೆಳಿಗ್ಗೆ ಬಚ್ಚಲಲ್ಲಿ ಮೂಗು ಸೀಟಿದರೆ ನೀಲಿ ಬಂತು. ರಕ್ತ ಬಂದಿದ್ದರೆ ಏನು ಮಾಡಬೇಕೆಂದು ಗೊತ್ತಿತ್ತು; ನೀಲಿಗೆ ಏನು ಮಾಡುವುದು? ಕರವಸ್ತ್ರ ಹಿಡಿದುಕೊಂಡೇ ಹೊರಗೆ ಬಂದೆ. ಮನೆಯೊಡತಿ ರುದ್ರಕ್ಕ ಅಷ್ಟು ಹೊತ್ತಿಗಾಗಲೇ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಕರವಸ್ತ್ರದ ಕಡೆ ಒಮ್ಮೆ ನೋಡಿ, "ಜೀನ್ಸ್ ಬಟ್ಟಿ ಧೂಳವಾ ಅದು. ಈ ಓಣ್ಯಾಗ ಎಲ್ಲಾರ್ಗೂ ಹಂಗ. ಎಂಟು ದಿನ ಆದ್ರ ನೀನೂ ನೋಡೋದು ಬಿಡ್ತಿ" ಅಂದು ಮತ್ತೆ ಹೊಲಿಗೆಗೆ ಬಗ್ಗಿದರು.

ನಮ್ಮೂರು ಅಗಳಿಯಲ್ಲಿ ಕೂತು ಇದನ್ನು ಓದುವವರು ಇಷ್ಟು ಹೊತ್ತಿಗೆ ಆಕ್ಷೇಪ ಎತ್ತಿರುತ್ತೀರಿ: ರಾಯದುರ್ಗಕ್ಕೆ ಹೋಗುವುದೂ ಒಂದು ವಲಸೆಯೇ, ಅದನ್ನು ಬರೆಯುವುದು ಬೇರೆಯೇ? ಮಡಕಶಿರಾದಲ್ಲಿ ಬಸ್ಸು ಹತ್ತಿ, ಪಾವಗಡದಲ್ಲಿ ಒಂದು, ಕಲ್ಯಾಣದುರ್ಗದಲ್ಲಿ ಇನ್ನೊಂದು ಬದಲಿಸಿದರೆ ಸಂಜೆಯೊಳಗೆ ತಲುಪುವ ಊರು. ಮೊನ್ನೆಮೊನ್ನೆಯವರೆಗೂ ಎರಡೂ ಊರು ಆಂಧ್ರದ ಒಂದೇ ಜಿಲ್ಲೆಯಲ್ಲಿದ್ದವು. ಈಗ ಬೇರೆ ಮಾಡಿದ್ದಾರೆ. ನಾನು ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು, ಆಕ್ಷೇಪಕ್ಕೆ ಉತ್ತರ ಕೊಡದೆ ಮುಂದೆ ಹೋಗುವ ಅಭ್ಯಾಸವಿಲ್ಲ. ದೂರವನ್ನು ಕಿಲೋಮೀಟರಿನಲ್ಲೇ ಅಳೆಯಬೇಕೆಂದು ಯಾರು ತೀರ್ಮಾನಿಸಿದರು? ನಮ್ಮಲ್ಲಿ ಮುದ್ದೆ, ಇಲ್ಲಿ ಜೋಳದ ರೊಟ್ಟಿ. ನಮ್ಮಲ್ಲಿ ಪುರಿ ಅಂದರೆ ಸಂತೆಯಿಂದ ಮಕ್ಕಳಿಗೆ ತರುವ ತಿಂಡಿ. ಇಲ್ಲಿ ಅದನ್ನೇ ನೀರಲ್ಲಿ ನೆನೆಸಿ, ಹಿಂಡಿ, ಒಗ್ಗರಣೆ ಹಾಕಿ, ಉಗ್ಗಾಣಿ ಎಂದು ಕರೆದು ಮೆಣಸಿನಕಾಯಿ ಬಜ್ಜಿಯ ಜೊತೆ ಬೆಳಿಗ್ಗೆ ಹೊಟ್ಟೆತುಂಬ ತಿನ್ನುತ್ತಾರೆ. ನಾನು "ಐತೆ" ಅಂದರೆ ಅಂಗಡಿಯವನು "ಸಿರಾ ಕಡೇರಾ?" ಎಂದು ಕೇಳುತ್ತಾನೆ. ಇಲ್ಲಪ್ಪ, ಇದೇ ಆಂಧ್ರದವಳು ಎಂದರೆ ನಂಬದೆ ತೆಲುಗಿನಲ್ಲಿ ಒಂದು ಪ್ರಶ್ನೆ ಹಾಕಿ ಪರೀಕ್ಷೆ ಮಾಡುತ್ತಾನೆ.

ಬಾಡಿಗೆ ಕೋಣೆ ಹುಡುಕುವಾಗ ಮೂರು ಮನೆಯವರು ನಾವು ಯಾವ ಪೈಕಿ ಎಂದು ಕೇಳಿದರು. ಮೂವರ ಜೊತೆಗೂ ಅದು ಕೇಳಬಾರದ ಪ್ರಶ್ನೆ ಯಾಕೆ ಎಂದು ವಾದಿಸಿದೆ. ಮೂರು ವಾದಗಳನ್ನೂ ಗೆದ್ದೆ, ಮೂರು ಕೋಣೆಗಳನ್ನೂ ಕಳೆದುಕೊಂಡೆ. ನಾಲ್ಕನೆಯವರು ರುದ್ರಕ್ಕ. ಅವರು ಕೇಳಿದ್ದು ಒಂದೇ: ಯಂತ್ರದ ಸದ್ದಿಗೆ ತಲೆನೋವು ಬರುತ್ತದೆಯೇ ಎಂದು.

ರುದ್ರಕ್ಕನ ಬಗ್ಗೆ ಸ್ವಲ್ಪ ಹೇಳಬೇಕು. ಐವತ್ತರ ಆಸುಪಾಸು. ಚಿಕ್ಕಂದಿನ ಪೋಲಿಯೋದಿಂದ ಎಡಗಾಲು ಬಲವಿಲ್ಲ. ಗಂಡ ಓಬಳಾಪುರದ ಕಡೆ ಅದಿರಿನ ಲಾರಿ ಓಡಿಸುತ್ತಿದ್ದವರು, ಇನ್ನೆಲ್ಲಿಗೋ ಕೆಲಸಕ್ಕೆಂದು ಹೋಗಿ ಅಲ್ಲೇ ಉಳಿದುಬಿಟ್ಟರು. ಆಮೇಲೆ ಈ ಮನೆ ನಿಂತಿದ್ದು ಆ ಕರೆಂಟಿನ ಯಂತ್ರದ ಮೇಲೆ. ಅದರ ಪೆಡಲ್ಲಿನ ಮೇಲೆ ಬಡಗಿಯ ಕೈಯಿಂದ ಒಂದು ಮರದ ತುಂಡು ಕೂರಿಸಿ, ಬಲಗಾಲೊಂದರಲ್ಲೇ ತುಳಿಯುವ ಹಾಗೆ ಮಾಡಿಸಿಕೊಂಡಿದ್ದರು. ಕುರ್ಚಿಯ ಕಾಲುಗಳನ್ನೂ ತಮ್ಮ ಅಳತೆಗೆ ಕೊಯ್ಯಿಸಿದ್ದರು. ಊರಲ್ಲಿ ಎಷ್ಟೋ ಯಂತ್ರಗಳಿದ್ದರೂ ಅವರು ಕೂತು ಹೊಲಿಯಬಹುದಾದದ್ದು ಇದೊಂದೇ.

ನಾನು ಕೆಲಸಕ್ಕೆ ಸೇರಿದ್ದು ಶೇಷಣ್ಣನವರಲ್ಲಿ. ಬಳ್ಳಾರಿಯಿಂದ ಕತ್ತರಿಸಿದ ಜೀನ್ಸ್ ಬಟ್ಟೆ ಬಂಡಲ್ ಬಂಡಲ್ ಆಗಿ ಅವರ ಗೋದಾಮಿಗೆ ಬರುತ್ತದೆ. ಅಲ್ಲಿಂದ ಆಟೋದಲ್ಲಿ ರುದ್ರಕ್ಕನ ಮನೆಯಂಥ ಓಣಿ ಓಣಿಯ ಮನೆಗಳಿಗೆ ಹೋಗಿ, ಹೊಲಿದ ಪ್ಯಾಂಟುಗಳಾಗಿ ವಾಪಸ್ ಬರುತ್ತದೆ. ಯಾವ ಬಂಡಲ್ ಯಾರ ಮನೆಯಲ್ಲಿದೆ ಎನ್ನುವುದು ಗುಮಾಸ್ತರೊಬ್ಬರ ನೋಟುಪುಸ್ತಕದಲ್ಲಿ ಮತ್ತು ತಲೆಯಲ್ಲಿ ಇತ್ತು. ವ್ಯಾಪಾರ ದೊಡ್ಡದಾದ ಮೇಲೆ ಎರಡೂ ಸಾಲಲಿಲ್ಲ. ಹೈದರಾಬಾದಿನಿಂದ ಸಾಫ್ಟ್‌ವೇರ್ ಮಾರುವವನೊಬ್ಬ ಬಂದು 'ನೋಎಸ್‌ಕ್ಯೂಎಲ್' ಡೇಟಾಬೇಸ್ ಹಾಕಿಸಿಕೊಳ್ಳಿ ಎಂದ. ಅವನ ತೆಲುಗನ್ನು ಓಣಿಯ ಕನ್ನಡಕ್ಕೆ ತಿರುಗಿಸಬಲ್ಲ, ಕಂಪ್ಯೂಟರ್ ಕಲಿತ ಒಬ್ಬರು ಬೇಕಾಗಿದ್ದರು. ನಾನು ಬಂದದ್ದು ಹಾಗೆ.

ಅವನು ಹೇಳಿದ್ದನ್ನು ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ಹಳೆಯ ಬಗೆಯ ಡೇಟಾಬೇಸು ಸರ್ಕಾರಿ ಅರ್ಜಿ ಇದ್ದ ಹಾಗೆ. ಖಾನೆಗಳು ಮೊದಲೇ ಗೆರೆ ಹಾಕಿಟ್ಟಿವೆ. ನಿನ್ನ ಬದುಕು ಅದರೊಳಗೆ ಹಿಡಿಸಿದರೆ ಸರಿ, ಇಲ್ಲದಿದ್ದರೆ ಖಾನೆಯಿಂದ ಹೊರಗಿನದ್ದು ಇಲ್ಲವೆಂದೇ ಲೆಕ್ಕ. ಹೊಸದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬಿಡಿ ಹಾಳೆ. ಒಬ್ಬರ ಹಾಳೆಯಲ್ಲಿ ನಾಲ್ಕು ಸಂಗತಿ, ಇನ್ನೊಬ್ಬರದರಲ್ಲಿ ಹದಿನಾಲ್ಕು. ಫೋಟೋ, ಧ್ವನಿ, ಕನ್ನಡದ ಮಾತು ಏನಾದರೂ ಸರಿ. ಬೇಕೆಂದಾಗ ಹೊಸ ಖಾನೆ ಸೇರಿಸಬಹುದು, ಉಳಿದವರ ಹಾಳೆ ಕೆಡುವುದಿಲ್ಲ. ವ್ಯಾಪಾರ ಬೆಳೆದರೆ ಇದ್ದ ಕಂಪ್ಯೂಟರನ್ನೇ ದೊಡ್ಡದು ಮಾಡಬೇಕಿಲ್ಲ. ಪಕ್ಕದಲ್ಲಿ ಇನ್ನೊಂದನ್ನು ಸೇರಿಸಿ ಹಾಳೆಗಳನ್ನು ಹಂಚಿದರಾಯಿತು. ಪ್ರತಿಯೊಂದಕ್ಕೂ ಮೂರು ಪ್ರತಿ, ಮೂರು ಕಡೆ. ಒಂದು ಕೆಟ್ಟರೂ ಕೆಲಸ ನಿಲ್ಲದು.

ಇದನ್ನು ಕೇಳಿದ ರುದ್ರಕ್ಕ ನಕ್ಕರು. "ಇದರಾಗ ಹೊಸಾದೇನೈತಿ? ಶೇಷಣ್ಣ ದೊಡ್ಡ ಮಿಷನ್ ತಂದಾನೇನು? ಮಾಲು ಜಾಸ್ತಿ ಬಂದ್ರ ಇನ್ನೊಂದು ಮನಿಗೆ ಬಂಡಲ್ ಹಾಕ್ತಾನ. ನಾವೂ ಅದ ಅಲ್ಲೇನು?" ಹೈದರಾಬಾದಿನವನು ಅರ್ಧ ದಿನ ಕೊರೆದದ್ದನ್ನು ಅವರು ಒಂದು ಉಸಿರಿಗೆ ಮುಗಿಸಿದ್ದರು.

ನಾನು ಯಾವುದನ್ನೂ ಸುಲಭಕ್ಕೆ ಒಪ್ಪುವವಳಲ್ಲ. ಇದನ್ನು ಒಪ್ಪಿದೆ. ಕಾರಣವಿತ್ತು. ಮೊದಲ ತಿಂಗಳಲ್ಲೇ ಪಕ್ಕದ ಓಣಿಯ ಹೆಂಗಸೊಬ್ಬರು ಬಂಡಲ್ ತಿರುಗಿ ಕೊಟ್ಟಿಲ್ಲವೆಂದು ಗುಮಾಸ್ತರು ಕೂಗಾಡಿದರು. ಹೊಲಿದ ಮಾಲನ್ನು ವಾಪಸ್ ಆಟೋಗೆ ಹಾಕುವಾಗ ತೆಗೆದ ಫೋಟೋ ಆ ಹೆಂಗಸಿನ ಹಾಳೆಯಲ್ಲಿತ್ತು. ತೋರಿಸಿದೆ, ಗುಮಾಸ್ತರು ಬಾಯಿ ಮುಚ್ಚಿದರು. ಆ ದಿನ ನನಗೆ ಎರಡು ಮನೆಗಳಿಂದ ರೊಟ್ಟಿ ಬಂತು. ಮೊದಲ ಸಲ ಈ ಊರು ನನ್ನದೂ ಹೌದು ಅನಿಸಿತು.

ಆ ಗೆಲುವಿನ ಬಿಸಿಯಲ್ಲೇ ನಾನು ಒಂದು ಹೊಸ ಖಾನೆ ಸೇರಿಸಿದೆ. ಹೆಸರು 'ಕಾರಣ'.

ತಡವಾದಾಗಲೆಲ್ಲ ಗೋದಾಮಿನಲ್ಲಿ ಹೆಂಗಸರನ್ನು ಸೋಮಾರಿಗಳೆಂದು ಬೈಯುತ್ತಿದ್ದರು. ಕರೆಂಟು ಹೋಗಿರುತ್ತಿತ್ತು, ದಾರ ಗೋದಾಮಿನಿಂದಲೇ ಬಂದಿರುತ್ತಿರಲಿಲ್ಲ, ಮಗುವಿಗೆ ಜ್ವರವಿರುತ್ತಿತ್ತು. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ವೇದಿಕೆಯ ಮೇಲೆ ನಾನು ಕಲಿತದ್ದು ಒಂದೇ ಪಾಠ: ಕಾರಣ ಕೊಟ್ಟವರು ಗೆಲ್ಲುತ್ತಾರೆ, ಸುಮ್ಮನಿದ್ದವರು ಸೋಲುತ್ತಾರೆ. ವಾರಕ್ಕೊಮ್ಮೆ ಫೋನು ಹಿಡಿದು ಮನೆ ಮನೆಗೆ ಹೋಗಿ, ತಡವಾಗಿದ್ದರೆ ಯಾಕೆ ಎಂದು ಕೇಳಿ, ಅವರದೇ ಮಾತಿನಲ್ಲಿ ಬರೆದುಕೊಳ್ಳತೊಡಗಿದೆ. ಸುಮಾರು ಹೆಂಗಸರು ತಪ್ಪಿಸಿಕೊಂಡರು. "ಏನಿಲ್ಲವಾ, ನಾಳೆ ಕೊಡ್ತೀನಿ" ಅಂದು ಬಾಗಿಲು ಹಾಕಿಕೊಂಡರು. ನನ್ನ ಮಾತಿಗೆ ಕಟ್ಟುಬಿದ್ದು ಬಾಯಿಬಿಟ್ಟವರು ಕೆಲವರೇ.

ರುದ್ರಕ್ಕನೂ ಮೊದಮೊದಲು ಒಪ್ಪಲಿಲ್ಲ. ಕಾಲು ಊದಿದ್ದನ್ನು ಶೇಷಣ್ಣನಿಗೆ ಯಾಕ ಹೇಳಬೇಕು, ಅವನೇನು ಡಾಕ್ಟರಾ ಎಂದರು. ನಾನು ಅವರ ಅಡುಗೆಮನೆಯಲ್ಲೇ ಕೂತು ಎರಡು ಸಂಜೆ ವಾದ ಮಾಡಿದೆ. ಹೇಳದಿದ್ದರೆ ಸೋಮಾರಿ ಅನ್ನುತ್ತಾರೆ, ಹೇಳಿದರೆ ದಾಖಲೆ ಇರುತ್ತದೆ, ನಾಳೆ ಯಾರಾದರೂ ಬೆರಳು ತೋರಿಸಿದರೆ ನಾನೇ ತೆಗೆದು ಓದುತ್ತೇನೆ ಅಂದೆ. ಕೊನೆಗೆ ಅವರು, "ನಿನ್ನ ಬಾಯಿಗೆ ನಾ ಸಾಲಂಗಿಲ್ಲ, ಬರ್ಕೋ" ಅಂದರು. ಬಳಿಕ ಪ್ರತಿ ವಾರ ನಾನು ಬರುವುದಕ್ಕೇ ಕಾಯುವವರಂತೆ, ಒಂದನ್ನೂ ಬಿಡದೆ, ಒಂದನ್ನೂ ಹೆಚ್ಚು ಮಾಡದೆ ಹೇಳಿದರು.

ಯುಗಾದಿ ಕಳೆದ ಮೇಲೆ ಬಳ್ಳಾರಿಯ ದೊಡ್ಡ ಗಿರಾಕಿಯೊಬ್ಬರು, ಮಾಲು ಹೇಳಿದ ದಿನಕ್ಕೇ ಬೇಕು, ನಂಬಿಕೆಯ ಕೆಲವೇ ಮನೆಗಳಲ್ಲಿ ಹೊಲಿಸಿ, ಉಳಿದವರು ಹೊಸ ಶೆಡ್ಡಿಗೆ ಬರಲಿ ಎಂದರು. ಶೆಡ್ಡು ಊರಾಚೆ, ಯಂತ್ರಗಳು ಸಾಲಾಗಿ, ಎರಡು ಪಾಳಿ. ಅಲ್ಲಿ ಯಾರೊಬ್ಬರ ಕಾಲಿನ ಅಳತೆಗೂ ಪೆಡಲ್ ಕೂರಿಸುವುದಿಲ್ಲ. ಯಾವ ಮನೆ ಉಳಿಸಬೇಕು, ಯಾವುದನ್ನು ಬಿಡಬೇಕು? ವಾಪಸ್ ಬಂದ ತಾರೀಕನ್ನು ನಂಬುವಂತಿರಲಿಲ್ಲ. ಆಟೋದವನು ತನಗೆ ಬಿಡುವಾದಾಗ ಹೋಗಿ ತರುತ್ತಿದ್ದ. ಯಾರ ಮನೆಯಲ್ಲಿ ಕೆಲಸ ತಡವಾಗುತ್ತದೆ ಎನ್ನುವುದಕ್ಕೆ ಇಡೀ ಡೇಟಾಬೇಸಿನಲ್ಲಿದ್ದ ಸಾಕ್ಷಿ ಒಂದೇ, ನನ್ನ ಖಾನೆ.

ಶೇಷಣ್ಣ ನನ್ನನ್ನು ಕರೆದು, ಕಾರಣ ಬರೆದಿರುವ ಮನೆಗಳನ್ನು ಬಿಡೋಣ, ಅವುಗಳ ಪಟ್ಟಿ ತೆಗೆಯಿರಿ ಎಂದರು. ನಾನು ನಿಂತಲ್ಲೇ ವಾದಕ್ಕಿಳಿದೆ. ಹೇಳಿದವರು ಪ್ರಾಮಾಣಿಕರು, ಹೇಳದವರಲ್ಲಿ ಇದಕ್ಕಿಂತ ತಡಮಾಡುವವರಿದ್ದಾರೆ. ಕರೆಂಟು ಹೋದದ್ದು, ದಾರ ಬರದದ್ದು ಅವರ ತಪ್ಪಲ್ಲ ಎಂದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು.

"ಅವರು ಕೆಟ್ಟೋರು ಅಂತ ನಾ ಎಲ್ಲಿ ಅಂದೆನ್ರಿ? ತೊಂದರಿ ಐತಿ ಅಂತ ನೀವ ಬರದೀರಿ. ತೊಂದರಿ ಇದ್ದೋರ ಮ್ಯಾಲೆ ಇನ್ನಷ್ಟು ಯಾಕ ಹೊರಸಬೇಕು? ಹೇಳದೋರ ತೊಂದರಿ ನನಗ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

ನನ್ನ ಪುರಾವೆಯನ್ನೇ ಹಿಡಿದು ನನ್ನನ್ನು ಇಷ್ಟು ಅಚ್ಚುಕಟ್ಟಾಗಿ ಸೋಲಿಸಿದವರು ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ. ನಾನು ತೆಗೆಯದಿದ್ದರೆ ಹೈದರಾಬಾದಿನವನಿಗೆ ಒಂದು ಫೋನು ಸಾಕು ಎಂದೂ ಅವರು ಸೇರಿಸಿದರು. ಹೌದು, ಸಾಕಿತ್ತು. ಆದರೆ ತೆಗೆದವಳು ನಾನೇ. ಒಂದು ಸಾಲು ಬರೆದು ಬೆರಳೆತ್ತುವಷ್ಟರಲ್ಲಿ ಪಟ್ಟಿ ಬಂತು. ಎಲ್ಲರಿಗಿಂತ ಹೆಚ್ಚು ಕಾರಣಗಳಿದ್ದದ್ದು ರುದ್ರಕ್ಕನ ಹಾಳೆಯಲ್ಲಿ. ಅವರದೇ ಮೊದಲ ಹೆಸರು.

ಅಂದು ಸಂಜೆ ಆ ಖಾನೆಯನ್ನೇ ಅಳಿಸಿಹಾಕಿದೆ. ಮೂರು ಪ್ರತಿಗಳಲ್ಲೂ ಅಳಿಯಿತು. ಆದರೆ ದಿನಕ್ಕೊಮ್ಮೆ ಬೇರೆಯಾಗಿ ತೆಗೆದಿಡುವ ಪ್ರತಿಯೊಂದಿರುತ್ತದೆ. ಮರುದಿನ ಊಟದ ಹೊತ್ತಿಗೆ ಹೈದರಾಬಾದಿನವನು ಅದರಿಂದ ಎಲ್ಲವನ್ನೂ ವಾಪಸ್ ತಂದು, ಇನ್ನು ಮೇಲೆ ಹುಷಾರಾಗಿರಿ ಮೇಡಂ ಎಂದು ನಗುತ್ತಲೇ ಹೇಳಿದ. ಪಟ್ಟಿ ಅಷ್ಟರಲ್ಲಿ ಬಳ್ಳಾರಿ ಸೇರಿತ್ತು. ಶೇಷಣ್ಣ ನನ್ನನ್ನು ಬೈಯಲೂ ಇಲ್ಲ. ಕೆಲಸ ಗೊತ್ತಿರುವವಳು ಅವರಿಗೆ ಬೇಕಿತ್ತು.

ರುದ್ರಕ್ಕನಿಗೆ ಹೇಳುವ ಕೆಲಸವನ್ನು ಆಟೋದವನಿಗೆ ಬಿಡಲು ಮನಸ್ಸಾಗಲಿಲ್ಲ. ನಾನೇ ಹೇಳಿದೆ. ಅವರು ಕೂಗಾಡಲಿಲ್ಲ. ಅದರಾಗ ಏನೇನು ಬರದೈತಿ ಓದು ಎಂದರು. ಓದಿದೆ. ಕರೆಂಟು ಇರಲಿಲ್ಲ. ದಾರ ಬರಲಿಲ್ಲ. ಕಾಲು ಊದಿತ್ತು. ತಂಗಿ ಮಗಳ ಹೆರಿಗೆಗೆ ಬೆಳುಗುಪ್ಪಕ್ಕೆ ಹೋಗಿದ್ದೆ. ಸೂಜಿ ಮುರಿದಿತ್ತು. ಕಾಲು ಊದಿತ್ತು. ಅವರು ಒಂದೊಂದಕ್ಕೂ ತಲೆಯಾಡಿಸಿದರು.

"ಎಲ್ಲಾ ಖರೇನ ಐತಿ. ಒಂದೂ ಸುಳ್ಳಿಲ್ಲ," ಅಂದರು.

"ಇಲ್ಲ ಅಕ್ಕ."

"ಹಂಗಾರ ನೀ ಹೇಳಿದಂಗ ಆಗಬೇಕಿತ್ತಲ್ಲ?"

ಇದನ್ನು ಅವರು ಚುಚ್ಚಲು ಕೇಳಿದ್ದಲ್ಲ. ಎಲ್ಲೋ ಒಂದು ಕೊಂಡಿ ತಪ್ಪಿದೆ, ಓದಿದವಳು ಹುಡುಕಿ ಕೊಡುತ್ತಾಳೆ ಎನ್ನುವ ನಿರೀಕ್ಷೆಯಿಂದ ಕೇಳಿದರು.

ಕೆಲಸ ಬಿಟ್ಟು ಅಗಳಿಗೆ ಹೋಗಿಬಿಡುತ್ತೇನೆ ಎಂದೆ. ಅದೊಂದೇ ಗೌರವದ ದಾರಿ ಎಂದು ತೋರಿತ್ತು. ಅವರಿಗೆ ಆಗ ನಿಜಕ್ಕೂ ಸಿಟ್ಟು ಬಂತು.

"ನೀ ಹೋದ್ರ ನನಗ ಬಂಡಲ್ ಬರ್ತಾವೇನು? ಇನ್ನ ಈ ಮನಿ ನಡಿಯೋದು ಆ ಕೋಣಿ ಬಾಡಿಗಿ ಮ್ಯಾಲೆ. ಈ ಸದ್ದಿನ ಓಣ್ಯಾಗ ಇರಾಕ ಇನ್ಯಾರು ಬರ್ತಾರ ಹೇಳು."

ಇದಕ್ಕೂ ಪ್ರತಿವಾದ ಹುಡುಕಿದೆ. ಬೇರೆ ಕೆಲಸ ಹಿಡಿದು ಇಲ್ಲೇ ಇರಬಹುದು. ಆದರೆ ಈ ಊರಲ್ಲಿ ನನ್ನಂಥವಳಿಗೆ ಇರುವ ಕೆಲಸ ಇಂಥ ಇನ್ನೊಬ್ಬ ಶೇಷಣ್ಣನವರದೇ. ಬಾಡಿಗೆಯನ್ನು ಅಗಳಿಯಿಂದಲೇ ಕಳಿಸಬಹುದು. ಕೂತು ತಿನ್ನುವವಳಿಗೆ ಅಲ್ಲಿಂದ ಕಳಿಸಲು ಏನಿರುತ್ತದೆ? ಹೀಗಾಗಿ ಪ್ರತಿ ಬೆಳಿಗ್ಗೆ ಅವರ ಬಾಗಿಲು ದಾಟಿ, ಅವರ ಕೆಲಸ ಕಿತ್ತುಕೊಂಡ ಆಫೀಸಿಗೆ ಹೋಗುತ್ತೇನೆ. ಯಂತ್ರದ ಮೇಲೆ ಅವರು ಸೀರೆಯ ತುಂಡೊಂದನ್ನು ಹೊದಿಸಿದ್ದಾರೆ. ಅಕ್ಕಪಕ್ಕದ ಮನೆಗಳ ಸದ್ದು ನಮ್ಮ ಗೋಡೆಯನ್ನು ಅದುರಿಸುತ್ತಲೇ ಇರುತ್ತದೆ. ಮಧ್ಯಾಹ್ನ ಅವರು ಏನು ಮಾಡುತ್ತಾರೆ ಎಂದು ನಾನು ಕೇಳಿಲ್ಲ.

ಕಳೆದ ವಾರ ಎರಡು ದಿನ ಅಗಳಿಗೆ ಬಂದಿದ್ದೆ. ನಿಮ್ಮಲ್ಲಿ ಕೆಲವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, ಬಣ್ಣ ಕಪ್ಪಾಗಿದೆ, ಮಾತು ಕಡಿಮೆಯಾಗಿದೆ ಎಂದು ತಮಾಷೆ ಮಾಡಿದಿರಿ. ಅಮ್ಮ ಮುದ್ದೆ ಬಡಿಸುತ್ತ, "ಅಲ್ಲೇನ್ ಸುಖ ಐತೆ ಅಂತ ಹೋಗ್ತೀಯಮ್ಮಿ? ಇಲ್ಲೇ ಇದ್ಬಿಡು. ನಿನ್ ಅಲ್ಲಿ ಯಾರ್ ಕಾಯ್ತಾವ್ರೆ?" ಅಂದಳು. ವಾದ ಮಾಡಲಿಲ್ಲ. ಇದ್ದುಬಿಡುವುದೆಂದೇ ಆ ಗಳಿಗೆಯಲ್ಲಿ ಅನಿಸಿತ್ತು.

ಊಟ ಮುಗಿಯುವ ಮುಂಚೆ ಫೋನು ಬಂತು. ರುದ್ರಕ್ಕ ತಾವಾಗಿ ನನಗೆ ಫೋನು ಮಾಡಿದ್ದು ಅದೇ ಮೊದಲು. ಊರಲ್ಲಿ ಎಲ್ಲರೂ ಆರಾಮಿದ್ದಾರೇನು, ಮಳೆ ಬಂತೇನು ಎಂದು ವಿಚಾರಿಸಿದರು. ಆಮೇಲೆ, "ಬರ್ತಿಯಲ್ಲವಾ?" ಅಂದರು. ನಾನು ಉತ್ತರ ಕೊಡುವಷ್ಟೂ ಕಾಯದೆ ಇನ್ನೊಮ್ಮೆ ಅದನ್ನೇ ಕೇಳಿದರು.

"ಬರ್ತೀನ್ರಿ ಅಕ್ಕ. ನಾಳೆ ಸಂಜಿಕ ಬರ್ತೀನಿ," ಅಂದೆ.

ಅಮ್ಮ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಸಾರಿನ ಪಾತ್ರೆಗೆ ಮುಚ್ಚಳ ಹಾಕಿ, ಬೆಳಿಗ್ಗೆ ಪಾವಗಡದ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು.