ಅತ್ತೆಯ ಪೂಜೆ ಉದ್ದವಾದ ವರ್ಷ

ನಾನು ಅಜ್ಜಿಯಾದೆ! ಹೆಣ್ಣು ಕೂಸು, ತಲೆತುಂಬ ಕಪ್ಪು ಕೂದಲು, ಯಾರೊಂದಿಗೋ ಜಗಳಕ್ಕೆ ಬಂದವಳ ಹಾಗೆ ಮುಷ್ಟಿ ಬಿಗಿಹಿಡಿದು ಬಂದಳು. ಯಾರಿಗೆ ಮೊದಲು ಹೇಳಬೇಕೋ ತಿಳಿಯದೆ ಆ ಬೆಳಿಗ್ಗೆ ಹಿತ್ತಲಿಗೆ ಓಡಿ ಎಮ್ಮೆಗೆ ಹೇಳಿದೆ. ಆಮೇಲೆ ಬೀದಿ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರಿಗೆಲ್ಲ ಹೇಳಿದೆ. ಕೇಳಿದವರಿಗೇ ಇನ್ನೊಮ್ಮೆ ಹೇಳಿದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ ನನ್ನದು. ಅಷ್ಟು ಸಂತೋಷವನ್ನು ಬರೆಯುವುದು ಹೇಗೆಂದು ಅದಕ್ಕೆ ಯಾರೂ ಕಲಿಸಲಿಲ್ಲ.

ಅದು ಎಂಬತ್ತರ ದಶಕ ಶುರುವಾಗಿದ್ದ ಕಾಲ. ನಮ್ಮ ಮನೆ ಅಜ್ಜಂಪುರದಲ್ಲಿ, ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ. ನಮ್ಮ ಯಜಮಾನರದು ಹಗ್ಗ, ಕಣ್ಣಿ, ಮೂಗುದಾರ ಮಾರುವ ಸಣ್ಣ ಅಂಗಡಿ. ಮಗಳನ್ನು ತರೀಕೆರೆಗೆ ಕೊಟ್ಟಿದ್ದೆವು. ಚೊಚ್ಚಲು ಅಂತ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಹೆರಿಗೆ ನಮ್ಮ ಮನೆಯಲ್ಲೇ ಆಯಿತು. ಅವಳು ಹೆತ್ತ ಕೋಣೆಗೂ ನನ್ನ ಅತ್ತೆ ಮಲಗಿದ್ದ ಕೋಣೆಗೂ ನಡುವೆ ಒಂದೇ ಗೋಡೆ. ಆ ಗೋಡೆಯಾಚೆಯ ಮಾತು ಹೇಳದೆ ಈ ಸಂತೋಷದ ಮಾತು ಪೂರ್ತಿಯಾಗುವುದಿಲ್ಲ.

ಅತ್ತೆಯ ಪೂಜೆ ಮೊದಲೆಲ್ಲ ಚುಟುಕು. ಹಣೆಗೆ ವಿಭೂತಿ ಬಳಿದು, ಎಡಗೈ ಮೇಲೆ ಲಿಂಗ ಇಟ್ಟುಕೊಂಡು, ಒಂದು ಹೂವಿಟ್ಟರೆ ಆಯಿತು. ನಾನು ಎರಡು ರೊಟ್ಟಿ ತಟ್ಟುವಷ್ಟರಲ್ಲಿ ಒಳಗಿನಿಂದ ಕೂಗು ಬರುತ್ತಿತ್ತು: "ರೊಟ್ಟಿ ಆಯ್ತೇನೇ? ಶಿವ ಹೂವಲ್ಲೇ ಹೊಟ್ಟೆ ತುಂಬಿಸ್ಕಂಡ, ನಂಗೆ ಅದು ಸಾಲಲ್ಲ ಕಣೇ!"

ಮಗಳು ಬಂದ ಮೇಲೆ ಆ ಪೂಜೆ ಉದ್ದವಾಗತೊಡಗಿತು. ಬೆಳಿಗ್ಗೆ ಕೂತವರು ಬಿಸಿಲು ಅಂಗಳದ ನಡುವಿಗೆ ಬಂದರೂ ಏಳುತ್ತಿರಲಿಲ್ಲ. ಪೂಜೆ ಮುಗಿಯದೆ ಉಣ್ಣುವಂತಿಲ್ಲವಲ್ಲ, ಉಪವಾಸವೇ. ಪೂಜೆಗೆ ಕೂತವರ ಎದುರು ಹೋಗಿ ನಿಲ್ಲಬಾರದೆಂದು ನಾವು ಬಾಗಿಲು ಮುಂದೆ ಮಾಡಿ ದೂರ ಇರುತ್ತಿದ್ದೆವು. ಇವರಿಗಂತೂ ಹೆಮ್ಮೆ. "ಅವ್ವಂಗೆ ಶಿವ ಒಲಿದವ್ನೆ ಕಣೇ" ಎಂದು ಅಂಗಡಿಯಲ್ಲೂ ಹೇಳಿಕೊಂಡು ಬಂದರು. ಬೀದಿಯ ಹೆಂಗಸರು ಬಂದು ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿಹೋದರು. ಅತ್ತೆ ಕಾಲು ಎಳೆದುಕೊಳ್ಳಲಿಲ್ಲ. ಎಳೆದುಕೊಳ್ಳುವ ಶಕ್ತಿ ಆ ಕಾಲಿಗೆ ಇರಲಿಲ್ಲವೆಂದು ಯಾರಿಗೆ ಹೊಳೆಯಬೇಕು?

ಮೈ ಇಳಿದುಹೋಯಿತೆಂದು ರೈಲಿನಲ್ಲಿ ಕಡೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಬೆನ್ನು ಒತ್ತಿದರು, ಕಾಲು ಎತ್ತಿದರು.

"ನೋವಿದೆಯಾ ಅಜ್ಜಿ?"

"ಇಲ್ಲ ಸ್ವಾಮಿ."

"ಇಲ್ಲಿ?"

"ವಯಸ್ಸಾಯ್ತಲ್ಲ, ಹಳೇ ಬಾಗ್ಲು. ಸ್ವಲ್ಪ ಕಿರ್ರಂತದೆ, ಅಷ್ಟೇ ಕಣಪ್ಪಾ."

ಡಾಕ್ಟರು ನಕ್ಕರು. ನಾವೂ ನಕ್ಕೆವು. ಹೊರಡುವಾಗ ಇವರು ತಡೆಯಲಾರದೆ ಪೂಜೆಯ ವಿಷಯ ಹೇಳಿದರು. ಡಾಕ್ಟರು ನಗು ನಿಲ್ಲಿಸಿ ನನ್ನ ಕಡೆ ತಿರುಗಿದರು. "ಪೂಜೆ ಮುಗಿದ ಮೇಲೆ ಇವರು ಮೇಲೇಳೋದನ್ನ ನೀವು ನೋಡಿದೀರಾ ತಾಯಿ?"

ನಾನು ನೋಡಿರಲಿಲ್ಲ. ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಮಾರನೆಯ ದಿನ ಬಾಗಿಲ ಸಂದಿಯಲ್ಲಿ ನಿಂತೆ. ಅತ್ತೆ ಲಿಂಗವನ್ನು ಬೆಳ್ಳಿಯ ಕರಡಿಗೆಗೆ ಇಟ್ಟು ಕೊರಳಿಗೆ ಹಾಕಿಕೊಂಡರು. ಪೂಜೆ ಮುಗಿದು ಹೋಗಿತ್ತು, ಮೊದಲಿನಷ್ಟೇ ಚುಟುಕಾಗಿ. ಆಮೇಲೆ ನೆಲಕ್ಕೆ ಕೈಯೂರಿ ಏಳಲು ನೋಡಿದರು. ಆಗಲಿಲ್ಲ. ಸೆರಗನ್ನು ಉಂಡೆಮಾಡಿ ಬಾಯಿಗಿಟ್ಟುಕೊಂಡರು. ಮತ್ತೆ ಏಳಲು ಹೋಗಿ ಪಕ್ಕಕ್ಕೆ ಒರಗಿದರು. ಮುಖವೆಲ್ಲ ಬೆವರು. ಗಂಟಲಿಂದ ಒಂದು ಸದ್ದಿಲ್ಲ. ಹಾಗೇ ಬಹಳ ಹೊತ್ತು ಬಿದ್ದಿದ್ದು, ತೆವಳಿಕೊಂಡು ಹೋಗಿ ಮಂಚದ ಕಾಲು ಹಿಡಿದರು. ಮಂಚದ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಎಂದಿನ ದನಿಯಲ್ಲಿ ಕೂಗಿದರು: "ರೊಟ್ಟಿ ಆಯ್ತೇನೇ?"

ಮತ್ತೆ ಕಡೂರು. ಈ ಸಲ ಎಕ್ಸ್‌ರೇ. ಡಾಕ್ಟರು ಇವರನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದರು: ಕಾಯಿಲೆ ಮೂಳೆಗೆ ಇಳಿದಿದೆ, ಗುಣವಾಗುವ ಹಂತ ದಾಟಿದೆ, ದೊಡ್ಡಾಸ್ಪತ್ರೆಗೆ ಹೋದರೂ ಇಷ್ಟೇ. ನೋವಿಗೆ ಮಾತ್ರೆ ಕೊಟ್ಟರು. "ಹೆಚ್ಚಾದ್ರೆ ಹೇಳಿ, ಮಾತ್ರೆ ಬದಲಾಯಿಸ್ತೀನಿ. ಆದ್ರೆ ಅವರನ್ನ ಕೇಳ್ಬೇಡಿ, ನೋಡಿ. ಹಳೇ ಜನ ಬಾಯಲ್ಲಿ ಹೇಳೋದಿಲ್ಲ."

ನೋಡತೊಡಗಿದೆ. ಹಣೆಯ ವಿಭೂತಿ ಅರ್ಧಕ್ಕೇ ನಿಂತ ದಿನ ಭುಜ ನೋಯುತ್ತಿದೆ ಎಂದು ಲೆಕ್ಕ. ಬೆಕ್ಕು ಹಾಲಿಗೆ ಬಾಯಿ ಹಾಕಿದರೂ ಬೈಯದಿದ್ದರೆ ಬಹಳ ನೋವು. ನನ್ನನ್ನು ಹೊಗಳಿದರೆ ಇನ್ನೂ ಬಹಳ. ಶಾಲೆ ಬಿಟ್ಟ ನಾನು ಹೀಗೆ ಅತ್ತೆಯ ಮೈಯನ್ನು ಓದಲು ಕಲಿತೆ. ಕಲಿತು ಏನು ಮಾಡಿದೆ? ಡಾಕ್ಟರು ಬದಲಾಯಿಸಿ ಕೊಟ್ಟ ಮಾತ್ರೆಯ ಗುಣವೂ ಎಮ್ಮೆ ಕರೆದು ಮುಗಿಸುವಷ್ಟು ಹೊತ್ತು ಇದ್ದರೆ ಹೆಚ್ಚು. ಆಮೇಲೆ ಮತ್ತೆ ಸೆರಗು ಬಾಯಿಗೆ. ನೋವು ಎಷ್ಟೆಂದು ತಿಳಿದರೂ ತಗ್ಗಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಒಂದು ದಿನ ಕೇಳಿಯೇ ಬಿಟ್ಟೆ. "ಅತ್ತೆ, ಒಂದ್ಸಲ ಅಯ್ಯೋ ಅನ್ನಬಾರ್ದಾ? ನಮ್ಮ ಹತ್ರ ಎಂಥ ಬಿಂಕ?"

"ಬಿಂಕ ಅಲ್ವೇ ಹುಚ್ಚಿ. ಬಸುರಿ ಇರೋ ಮನೇಲಿ ನರಳಬಾರ್ದು. ಅದು ಹೊಟ್ಟೇಲಿರೋದಕ್ಕೆ ಕೇಳಿಸ್ತದೆ. ನಮ್ಮವ್ವ ಹೇಳ್ತಿದ್ಲು."

"ಅದೆಲ್ಲ ಸುಳ್ಳು ಬಿಡಿ."

"ಸುಳ್ಳೋ ನಿಜವೋ, ನಂಗೆ ಯಾಕೆ ಬೇಕು? ಅವಳು ಕೂಗಿದ್ರೆ ಕೂಸು ಬತ್ತದೆ. ನಾನು ಕೂಗಿದ್ರೆ ಏನು ಬತ್ತದೆ ಹೇಳು?"

ಮಜ್ಜಿಗೆ ಕುಡಿಸಿ ಎದ್ದುಬಂದೆ.

ಮಗಳಿಗೆ ನೋವು ಬಂದಾಗ ಓಣಿಗೆಲ್ಲ ಕೇಳುವಂತೆ ಕೂಗಿದಳು. ನರ್ಸಮ್ಮ, ನಾನು, ಪಕ್ಕದ ಮನೆಯವರು, ಎಲ್ಲರೂ ಆ ಕೂಗಿನ ಸುತ್ತ ಓಡಾಡಿದೆವು. ಗೋಡೆಯಾಚೆ ಅತ್ತೆಯ ಕೋಣೆಯಲ್ಲಿ ಮಂಚ ಕೂಡ ಅಲುಗಿದ ಸದ್ದಿಲ್ಲ. ಬೆಳಕು ಹರಿಯುತ್ತಿದ್ದ ಹಾಗೆ ಕೂಸು ಅತ್ತಿತು. ಎಮ್ಮೆಗೂ ಬೀದಿಗೂ ಹೇಳಿ ಮುಗಿಸಿ ಕೊನೆಗೆ ಅತ್ತೆಯ ಹತ್ತಿರ ಓಡಿದೆ.

"ಅತ್ತೆ! ಮರಿಮಗಳು!"

"ಕೇಳಿಸ್ತು. ನನ್ನಂಗೇ ಗಂಟ್ಲು. ತಾಯಿ?"

"ಚೆನ್ನಾಗವ್ಳೆ. ಇಬ್ರೂ ಚೆನ್ನಾಗವ್ರೆ."

ಅತ್ತೆ ಕಣ್ಣು ಮುಚ್ಚಿದರು. "ಹಂಗಾದ್ರೆ ನಾನಿನ್ನು ನರಳ್ಬೌದೇನೇ?"

ನಾನು ಹೂಂ ಅಂದೆನೋ ಇಲ್ಲವೋ ನೆನಪಿಲ್ಲ. ಅತ್ತೆಯ ಬಾಯಿಂದ ಬಂದ ಸದ್ದು ಮಾತ್ರ ನೆನಪಿದೆ. ಹೊರೆ ಹೊತ್ತ ಎತ್ತು ಮಂಡಿಯೂರುವಾಗ ಬರುವಂಥ ಸದ್ದು. ನಿಲ್ಲಲೇ ಇಲ್ಲ. ನಡುನಡುವೆ ಹೇಳಿದರು: ಬೆನ್ನು. ಸೊಂಟ. ತೊಡೆಯ ಒಳಗೆ. ಅಯ್ಯೋ, ಭುಜ ಕಣೇ, ಭುಜ. ಇಷ್ಟು ದಿನ ನಾನು ಓದಿಕೊಂಡದ್ದು ಅದರಲ್ಲಿ ಕಾಲುಭಾಗವೂ ಅಲ್ಲ. ಕೂಸನ್ನು ತಂದು ತೋರಿಸಿದೆ. ಎತ್ತಿಕೊಳ್ಳಲು ತೋಳು ಏಳಲಿಲ್ಲ. ಲಿಂಗ ಕೂರುತ್ತಿದ್ದ ಎಡಗೈಯಲ್ಲಿ ಕೂಸಿನ ಮುಷ್ಟಿ ಇಟ್ಟೆ. ನರಳುತ್ತಲೇ ಹಿಡಿದುಕೊಂಡರು.

ಸಂಜೆ ತರೀಕೆರೆ ಬಸ್ಸಿಗೆ ಅಳಿಯನೂ ಬೀಗಿತಿಯೂ ಬಂದರು. ಮುದ್ದೆ, ಅವರೆಕಾಳಿನ ಸಾರು, ಅನ್ನ, ಶಾವಿಗೆ ಪಾಯಸ. ಬಾಣಂತಿಗೆ ಮೆಣಸಿನ ಸಾರು. ಎಲ್ಲರೂ ತಟ್ಟೆ ಮುಂದೆ ಕೂತರು. ಒಳಗಿನಿಂದ ಆ ಸದ್ದು. ಅಳಿಯನ ಕೈ ತುತ್ತಿನ ಮೇಲೇ ನಿಂತಿತು. ಬೀಗಿತಿ ತಟ್ಟೆ ಸರಿಸಿದರು.

"ಯಾಕ್ರೋ ಸುಮ್ನಾದ್ರಿ?" ಅತ್ತೆ ಒಳಗಿಂದಲೇ ಗದರಿದರು. "ನನ್ನ ಪಾಡಿಗೆ ನಾನು ನರಳ್ಕಂತೀನಿ. ನಿಮ್ಮ ಪಾಡಿಗೆ ನೀವು ಉಣ್ಣಿ. ಪಾಯಸ ಆರೋಯ್ತದೆ."

ಇವರು ಎದ್ದರು. ಕೈ ತೊಳೆಯಲು ಹೋಗುತ್ತಾರೆ ಅಂದುಕೊಂಡೆ. ತಟ್ಟೆ ಹಿಡಿದುಕೊಂಡು ಅವ್ವನ ಕೋಣೆಗೆ ಹೋಗಿ ಮಂಚದ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಅಳಿಯ ಹೋದ. ಬೀಗಿತಿ ಹೋದರು. ಮಗಳು ಗೋಡೆ ಹಿಡಿದು ಬಂದು ಹೊಸ್ತಿಲ ಒಳಗೆ ಚಾಪೆಯ ಮೇಲೆ ಒರಗಿದಳು, ಮಗ್ಗುಲಲ್ಲಿ ಕೂಸು. ನಾನು ಪಾತ್ರೆಗಳನ್ನೆಲ್ಲ ಅಲ್ಲಿಗೇ ತಂದೆ. ಅತ್ತೆಯ ಬಾಯಿಗೆ ಒಂದು ಚಮಚ ಪಾಯಸ ಹಾಕಿದೆ. ನುಂಗಿದರು, ನರಳಿದರು, "ಬೆಲ್ಲ ಕಮ್ಮಿ" ಅಂದರು. ಅಷ್ಟು ನೋವಿನಲ್ಲೂ ಆ ದಿನ ನನ್ನನ್ನು ಹೊಗಳಲಿಲ್ಲ. ಎಲ್ಲರೂ ಉಣ್ಣತೊಡಗಿದರು. ನಾನು ಇನ್ನೊಂದೊಂದು ಸೌಟು ಬಡಿಸಿದೆ.